ಜಗ್ಗಣ್ಣನ ಕರಗುವ ಹಾಳೆ

ಜಗ್ಗಣ್ಣನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಅದು ಫ್ಯಾಕ್ಟರಿಯ ಹಾಜರಿ ಪುಸ್ತಕದಲ್ಲಿ ಯಾರ ತಂಟೆಗೂ ಹೋಗದೆ ಸುಖವಾಗಿತ್ತು. ಒದ್ದೆ ವೈಪ್ಸ್ ಮಾಡುವ ಆ ಫ್ಯಾಕ್ಟರಿಯ ಪರೀಕ್ಷಾ ಕೋಣೆಯಲ್ಲಿ ಅವನು ಹನ್ನೊಂದು ವರ್ಷದಿಂದ ಹಾಳೆ ಜಗ್ಗುತ್ತಿದ್ದ. ಒಂದು ಯಂತ್ರ, ಅದಕ್ಕೆ ಮೇಲೊಂದು ಚಿಮಟ, ಕೆಳಗೊಂದು ಚಿಮಟ. ನಡುವೆ ಹಾಳೆ ಸಿಕ್ಕಿಸಿ ಗುಂಡಿ ಒತ್ತಿದರೆ ಯಂತ್ರ ಜಗ್ಗುತ್ತದೆ, ಹಾಳೆ ಹರಿಯುತ್ತದೆ, ಹರಿದಾಗ ಮುಳ್ಳು ಯಾವ ಅಂಕಿಯ ಮೇಲಿತ್ತೋ ಅದನ್ನು ಜಗ್ಗಣ್ಣ ಪುಸ್ತಕದಲ್ಲಿ ಬರೆಯುತ್ತಾನೆ. ದಿನಕ್ಕೆ ಇನ್ನೂರು ಹಾಳೆ. ಒಟ್ಟು ಎಷ್ಟಾಯಿತೆಂದು ಅವನು ಯಾವತ್ತೂ ಗುಣಿಸಿ ನೋಡಿರಲಿಲ್ಲ, ನೋಡಿದ್ದರೆ ಅಲ್ಲೇ ಕೂತು ಅಳುತ್ತಿದ್ದ. ಇಷ್ಟಾದರೂ ಕೆಲಸ ಕಾಯಂ ಆಗಿರಲಿಲ್ಲ. ಆರು ತಿಂಗಳಿಗೊಮ್ಮೆ 'ಇನ್ನಾರು ತಿಂಗಳು' ಎಂಬ ಕಾಗದ ಬರುತ್ತಿತ್ತು. "ಹಾಳೆಗಿಂತ ನಿಮ್ಮನ್ನೇ ಜಾಸ್ತಿ ಜಗ್ಗಿದ್ದಾರೆ" ಎಂದು ಹೆಂಡತಿ ಹೇಳುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಹೀಗಿದ್ದವನು ತಾನು ವಾಸವಾಗಿದ್ದ ಮೂರಂತಸ್ತಿನ ಕಟ್ಟಡದಲ್ಲಿ ಮಾತ್ರ ವಿಜ್ಞಾನಿ. ಕಾರಣ ಬಿಳಿ ಕೋಟು. ಅದನ್ನು ಫ್ಯಾಕ್ಟರಿಯಲ್ಲೇ ಬಿಚ್ಚಿಟ್ಟು ಬರಬೇಕೆಂಬ ನಿಯಮವಿತ್ತು. ಜಗ್ಗಣ್ಣ ಮರೆತವನಂತೆ ಅದನ್ನು ತೊಟ್ಟುಕೊಂಡೇ ಬಸ್ಸು ಹತ್ತುತ್ತಿದ್ದ. ಮೆಟ್ಟಿಲ ಮೇಲೆ ಎದುರಾದ ಮನೆ ಮಾಲೀಕರು ಒಂದು ದಿನ "ನೀವು ವಿಜ್ಞಾನಿಗಳೇನು?" ಎಂದು ಕೇಳಿದಾಗ, "ಹಾಗಂತಲ್ಲ, ಒಟ್ಟಿನಲ್ಲಿ ಸಂಶೋಧನೆ ಕಡೆ" ಎಂದುಬಿಟ್ಟ. ಒಂದು ವಾರದಲ್ಲಿ ಎಂಟೂ ಮನೆಯವರಿಗೆ ಅವನು ವಿಜ್ಞಾನಿಯಾದ. ಬಲ್ಬು ಉರಿಯದಿದ್ದರೂ ಅವನನ್ನೇ ಕೇಳುವರು, ಮಗುವಿಗೆ ಕೆಮ್ಮು ಬಂದರೂ ಅವನನ್ನೇ ಕೇಳುವರು. ಜಗ್ಗಣ್ಣ ಹುಬ್ಬು ಗಂಟಿಕ್ಕಿ "ನೋಡೋಣ" ಎನ್ನುತ್ತಿದ್ದ. ವಿಜ್ಞಾನಿಗೆ ಅಷ್ಟು ಸಾಕು.

ಒಪ್ಪದೆ ಉಳಿದವರು ಒಬ್ಬರೇ, ಅವನ ಮನೆಯಲ್ಲೇ ಇದ್ದ ಹೆಣ್ಣು ಕೊಟ್ಟ ಮಾವ. ಅವರು ಮೂವತ್ತೆಂಟು ವರ್ಷ ಪ್ಲಂಬರ್ ಆಗಿದ್ದು ನಿವೃತ್ತರಾದವರು. ಮನುಷ್ಯರನ್ನೂ ಪೈಪಿನ ಅಳತೆಯಲ್ಲೇ ಅಳೆಯುವರು. ಮಾಲೀಕರು ನಾಲ್ಕಿಂಚು, ಮಗಳು ಎರಡಿಂಚು, ಅಳಿಯ ಅರ್ಧ ಇಂಚು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕೇಳಿದರೆ ಮಾತ್ರ ಮಾತಾಡುವ ವ್ರತ ಹಿಡಿದಿದ್ದರು. ಕೇಳುವವರು ಯಾರೂ ಇರಲಿಲ್ಲ.

ಹೀಗಿರುವಾಗ ಫ್ಯಾಕ್ಟರಿಯಲ್ಲಿ ಹೊಸ ಹಾಳೆ ಬಂತು. ಕೈಯಲ್ಲಿರುವ ತನಕ ಗಟ್ಟಿ, ಕಮೋಡಿಗೆ ಹಾಕಿ ಫ್ಲಶ್ ಮಾಡಿದರೆ ನೀರುಪಾಲು. ಇದರ ಗುಟ್ಟು ಅಂಟಿನಲ್ಲಿ. ಪ್ಯಾಕೆಟ್ಟಿನೊಳಗಿನ ತೇವದಲ್ಲಿ ಒಂದಿಷ್ಟು ಉಪ್ಪು ಸೇರಿಸಿರುತ್ತಾರೆ. ಉಪ್ಪು ಇರುವಷ್ಟು ಹೊತ್ತು ಅಂಟು ಎಳೆಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಬರೀ ನೀರಿಗೆ ಬಿದ್ದಾಗ ಉಪ್ಪು ತೊಳೆದುಹೋಗಿ ಅಂಟು ಕೈಬಿಡುತ್ತದೆ, ಹಾಳೆ ಬಿಡಿಬಿಡಿಯಾಗಿ ಹೋಗುತ್ತದೆ. ಜಗ್ಗಣ್ಣನ ಕೆಲಸ ಎರಡು: ಪ್ಯಾಕೆಟ್ಟಿನಿಂದ ತೆಗೆದ ಹಾಳೆಯನ್ನು ಜಗ್ಗಿ ಅಂಕಿ ಬರೆಯುವುದು, ಆಮೇಲೆ ಇನ್ನೊಂದು ಹಾಳೆಯನ್ನು ಗಾಜಿನ ದೊಡ್ಡ ಜಾರಿನ ನೀರಿಗೆ ಹಾಕಿ ಅಲುಗಾಡಿಸಿ, ಎಷ್ಟು ನಿಮಿಷಕ್ಕೆ ಇಲ್ಲವಾಯಿತೆಂದು ಬರೆಯುವುದು.

ಹೊಸ ಹಾಳೆ ಬರುವ ಮೊದಲು ಆ ಜಾರಿಗೆ ನಲ್ಲಿಯ ನೀರೇ ಬರುತ್ತಿತ್ತು. ಆ ನೀರಿಗೆ ಸುಣ್ಣ ಜಾಸ್ತಿ. ನಾಲ್ಕು ದಿನಕ್ಕೆ ಗಾಜಿನ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತಿತ್ತು. ಹೊಸ ಹಾಳೆ ನೋಡಲು ದೊಡ್ಡ ದೊಡ್ಡವರು ಬರುವಾಗ ಜಾರು ಮಂಕಾಗಿದ್ದರೆ ವಿಜ್ಞಾನಿಯ ಮರ್ಯಾದೆ ಏನಾಗಬೇಕು? ಜಗ್ಗಣ್ಣ ತಾನೇ ಒಂದು ನಳಿಕೆ ತಂದು, ಕುಡಿಯುವ ನೀರಿನ ಫಿಲ್ಟರಿನಿಂದ ಜಾರಿಗೆ ಜೋಡಿಸಿದ. ಅಂದಿನಿಂದ ಜಾರು ಥಳಥಳ. ಹಾಳೆಯೂ ಎಂಟೇ ನಿಮಿಷಕ್ಕೆ ಮಾಯ. ಬಂದವರು ತಲೆದೂಗಿದರು. ನಳಿಕೆಯ ವಿಷಯ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಅದು ಹೇಳಬೇಕಾದ ವಿಷಯವೆಂದು ಅವನಿಗೆ ಹೊಳೆಯಲೂ ಇಲ್ಲ.

ಮ್ಯಾನೇಜರು ಕರೆದು ಮನೆಗೊಂದರಂತೆ ಎಂಟು ನಮೂನೆ ಕಾಗದ ಕೊಟ್ಟರು. "ಒಂದೇ ಕಟ್ಟಡದ ಎಂಟು ಮನೆಯವರು ಒಂದು ತಿಂಗಳು ಬಳಸಬೇಕು. ತೊಂದರೆ ಇಲ್ಲ ಅಂತ ಎಂಟು ಸಹಿ ತಗೊಂಡು ಬಾ. ಸಹಿ ಬಂದ ದಿನ ಮಾಲು ಅಂಗಡಿಗಳಿಗೆ ಹೋಗುತ್ತೆ, ನೀನು ಕಾಯಂ ಆಗ್ತೀಯ."

"ಬರವಣಿಗೆಯಲ್ಲಿ ಕೊಡ್ತೀರಾ ಸಾರ್?"

"ಆ ಎಂಟು ಸಹಿ ಬರಲಿ, ನನ್ನ ಸಹಿ ಆಮೇಲೆ."

ಬೇರೆ ಕಟ್ಟಡ ಹುಡುಕಿಕೊಂಡು ಯಾರು ಅಲೆಯುತ್ತಾರೆ? ಜಗ್ಗಣ್ಣ ತನ್ನ ಕಟ್ಟಡವನ್ನೇ ಆರಿಸಿಕೊಂಡ.

ಭಾನುವಾರ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಜಾಗದಲ್ಲಿ ಪ್ರದರ್ಶನ. ಜಾರು ತಂದಿದ್ದ, ಬಿಳಿ ಕೋಟು ಇಸ್ತ್ರಿ ಮಾಡಿಸಿದ್ದ, ಫ್ಯಾಕ್ಟರಿಯ ಫಿಲ್ಟರ್ ನೀರನ್ನು ನಾಲ್ಕು ಬಾಟಲಿಯಲ್ಲಿ ಹೊತ್ತು ತಂದಿದ್ದ. ಬಾಟಲಿಗಳನ್ನು ನೋಡಿ ಮಾವ ವ್ರತಭಂಗ ಮಾಡಿದರು.

"ಅಳಿಯಂದಿರೇ, ಮನೆಯಲ್ಲಿ ನಲ್ಲಿ ಇದೆಯಲ್ಲ."

"ಗಾಜು ಮಂಕಾಗುತ್ತೆ ಮಾವ."

"ಕಮೋಡು ಮಂಕಾಗಲ್ವಾ?"

"ಕಮೋಡನ್ನ ಯಾರು ನೋಡ್ತಾರೆ ಮಾವ?" ಎಂದ ಜಗ್ಗಣ್ಣ. ಮಾವ ಮತ್ತೆ ವ್ರತಕ್ಕೆ ಕೂತರು.

ಎಂಟು ಮನೆಯವರೂ ಸುತ್ತ ನಿಂತರು. ಮೊದಲು ಮಾಲೀಕರು ಒಂದು ತುದಿ, ಅವರ ಹೆಂಡತಿ ಇನ್ನೊಂದು ತುದಿ ಹಿಡಿದು ಹಾಳೆಯನ್ನು ಜಗ್ಗಿದರು. ಹರಿಯಲಿಲ್ಲ. ಮೂವತ್ತು ವರ್ಷದ ದಾಂಪತ್ಯದಲ್ಲಿ ಇಬ್ಬರೂ ಎಷ್ಟೋ ಹರಿದುಹಾಕಿದ್ದರು, ಈ ಹಾಳೆ ಮಾತ್ರ ಬಗ್ಗಲಿಲ್ಲ. ಆಮೇಲೆ ಅದೇ ಹಾಳೆಯನ್ನು ಜಗ್ಗಣ್ಣ ಜಾರಿಗೆ ಹಾಕಿ ಅಲುಗಾಡಿಸಿದ. ಎಂಟು ನಿಮಿಷ. ನೀರು ಸ್ವಲ್ಪ ಮಬ್ಬಾಯಿತು, ಹಾಳೆ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಎರಡನೇ ಮಹಡಿಯ ಬ್ಯಾಂಕಿನವರು ಕಣ್ಣೊರೆಸಿಕೊಂಡರು, ಅದೂ ಅಂಥದೇ ಇನ್ನೊಂದು ಹಾಳೆಯಲ್ಲಿ.

ಮನೆಗೆ ಹನ್ನೆರಡು ಪ್ಯಾಕೆಟ್ಟು, ಪುಕ್ಕಟೆ. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಜನ. ಯಾವುದಕ್ಕಿದೆಯೋ ಅದಕ್ಕೆ ಮಾತ್ರ ಬಳಸುವವರು ಯಾರಿದ್ದಾರೆ? ಅದರಲ್ಲಿ ಫ್ರಿಜ್ಜು ಒರೆಸಿದರು, ಬೂಟು ಒರೆಸಿದರು, ಸೈಕಲ್ಲು ಒರೆಸಿದರು, ಮಗುವನ್ನು ತಲೆಯಿಂದ ಕಾಲಿನ ತನಕ ಒರೆಸಿದರು. ಒರೆಸಿದ್ದನ್ನೆಲ್ಲ ಕಮೋಡಿಗೆ ಹಾಕಿ ಫ್ಲಶ್ ಎಳೆದು, "ಏನು ವಿಜ್ಞಾನ" ಎಂದು ಮೆಚ್ಚಿಕೊಂಡರು. ಪ್ಯಾಕೆಟ್ ಒಡೆಯದೆ ಇಟ್ಟವರು ಒಬ್ಬರೇ. ನೆಲಮಹಡಿಯ ಹಿಂದಿನ ಕೋಣೆಯಲ್ಲಿ ಒಂಟಿಯಾಗಿದ್ದು, ಹೊಲಿಗೆ ಯಂತ್ರ ತುಳಿದು ಬದುಕುತ್ತಿದ್ದ ಹೊಲಿಗೆಯಮ್ಮ. "ಹಳೇ ಬಟ್ಟೆ ಚೂರಿಗೆ ನಮ್ಮಲ್ಲಿ ಏನು ಬರ" ಎಂದು ಪ್ಯಾಕೆಟ್ಟುಗಳನ್ನು ಕಪಾಟಿನ ಮೇಲೆ ಸಾಲಾಗಿ ಇಟ್ಟಿದ್ದರು. ಇಪ್ಪತ್ತಾರು ವರ್ಷದಿಂದ ಅವರು ಅದೇ ಕೋಣೆಯಲ್ಲಿದ್ದರು. ಕಟ್ಟಡದ ಎಲ್ಲರ ಪ್ಯಾಂಟಿನ ಉದ್ದವೂ ಅವರಿಗೆ ಬಾಯಿಪಾಠ.

ಮೂರನೇ ವಾರ ಮಾಲೀಕರ ಬಚ್ಚಲು ಗುಳುಗುಳು ಎಂದಿತು. ಮಾಲೀಕರು ನೆಲಮಹಡಿಯ ಮುಂದಿನ ಮನೆಯಲ್ಲಿದ್ದರು, ಆ ಬಚ್ಚಲಿಗೆ ಆಗತಾನೆ ಹೊಸ ಟೈಲ್ಸ್ ಹಾಕಿಸಿದ್ದರು. ಮೇಲಿನ ಮನೆಯವರು ಯಾರೋ ಫ್ಲಶ್ ಎಳೆದರು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ, ಮೇಲೆ ಹೋದದ್ದು ಕೆಳಗೆ ಮಾಲೀಕರ ಹೊಸ ಟೈಲ್ಸಿನ ಮೇಲೆ ಬಂದು ಹರಡಿತು. ಏನು ಬಂತೆಂದು ವಿವರಿಸುವುದು ಬೇಡ. ಮಾಲೀಕರ ಹೆಂಡತಿ ಮಂಚದ ಮೇಲೆ ಹತ್ತಿ ನಿಂತವರು ಸಂಜೆಯ ತನಕ ಇಳಿಯಲಿಲ್ಲ.

ಚರಂಡಿ ಕೆಲಸದವನೊಬ್ಬ ಸರಳು ತೂರಿಸಿ ಕೊಕ್ಕೆಯಲ್ಲಿ ಏನನ್ನೋ ಸಿಕ್ಕಿಸಿ ತೆಗೆದ. ಬೂದು ಬಣ್ಣದ, ತಿರುಚಿಕೊಂಡ, ಒಂದು ಮೊಳ ಉದ್ದದ ವಸ್ತು. "ಬಟ್ಟೆ ಸ್ವಾಮಿ. ಒಳಗೆ ಇನ್ನೂ ಬೇಕಾದಷ್ಟಿದೆ" ಎಂದ.

ಮೆಟ್ಟಿಲ ಕೆಳಗೆ ಮತ್ತೆ ಸಭೆ ಸೇರಿತು. "ಯಾರು ಹಾಕಿದ್ದು?" ಎಂದು ಮಾಲೀಕರು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಲ್ಲರಿಗಿಂತ ಮೊದಲು ಜಗ್ಗಣ್ಣ ಬಾಯಿಬಿಟ್ಟ.

"ನಮ್ಮದಂತೂ ಅಲ್ಲ. ನಮ್ಮದು ಕರಗುತ್ತೆ. ನೀವೇ ನೋಡಿದ್ದೀರಿ."

"ನಿಮ್ಮನ್ನ ಯಾರು ಅಂದ್ರು? ನೀವು ವಿಜ್ಞಾನಿಗಳು, ಇದು ಏನು ಅಂತ ನೋಡಿ ಹೇಳಿ" ಎಂದರು ಮಾಲೀಕರು.

ಜಗ್ಗಣ್ಣ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಆ ವಸ್ತುವನ್ನು ಹಿಡಿದ. ಹಿಡಿದವನು ಅಭ್ಯಾಸಬಲದಿಂದ ಜಗ್ಗಿದ. ಹನ್ನೊಂದು ವರ್ಷದಲ್ಲಿ ಅಷ್ಟು ಗಟ್ಟಿಯಾದದ್ದು ಅವನ ಕೈಗೆ ಸಿಕ್ಕಿರಲಿಲ್ಲ. ನೀರಿನಲ್ಲಿ ಮೂರು ವಾರ ನೆಂದ ತಮ್ಮ ಹಾಳೆಗೆ ಅವನ ಪುಸ್ತಕದಲ್ಲಿದ್ದ ಅಂಕಿ ಸೊನ್ನೆ. ಇದು ಸೊನ್ನೆಯಲ್ಲ. ಆದ್ದರಿಂದ ಇದು ಹಾಳೆಯಲ್ಲ. ಅವನು ಸುಳ್ಳು ಹೇಳಲಿಲ್ಲ ಎಂಬುದನ್ನು ನಾವು ಒಪ್ಪಬೇಕು. ಅವನು ತನ್ನ ಪುಸ್ತಕವನ್ನು ನಂಬಿದ, ಅಷ್ಟೇ.

"ಇದು ಬಟ್ಟೆ. ಒಳ್ಳೆ ಗಟ್ಟಿ ಬಟ್ಟೆ" ಎಂದು ತೀರ್ಪು ಕೊಟ್ಟ.

ಹದಿನೈದು ಜೊತೆ ಕಣ್ಣು ಒಟ್ಟಿಗೆ ಹಿಂದಿನ ಕೋಣೆಯ ಕಡೆ ತಿರುಗಿದವು. ಹೊಲಿಗೆಯಮ್ಮ ಬಾಗಿಲಲ್ಲಿ ಕತ್ತರಿ ಹಿಡಿದು ನಿಂತಿದ್ದರು.

"ನನ್ನ ಹತ್ತಿರ ಒಂದು ಚೂರೂ ವ್ಯರ್ಥ ಆಗಲ್ಲ. ಚಿಂದಿ ಎಲ್ಲ ದಿಂಬಿಗೆ ಹೋಗುತ್ತೆ" ಎಂದರು ಅವರು. ಹತ್ತಿರ ಬಂದು ಆ ವಸ್ತುವನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. "ಇದರಲ್ಲಿ ನೂಲೇ ಇಲ್ಲ. ನೇಯ್ದದ್ದಲ್ಲ ಇದು."

"ವಿಜ್ಞಾನಿಗಳು ಬಟ್ಟೆ ಅಂತಿದ್ದಾರೆ, ನೀವು ಅಲ್ಲ ಅಂತೀರಿ" ಎಂದರು ಬ್ಯಾಂಕಿನವರು. ಹಾಗೆ ಹೇಳಿದಾಗ ಎಲ್ಲರಿಗೂ ಅದರಲ್ಲಿ ಬಹಳ ನ್ಯಾಯ ಕಂಡಿತು. ಮಾಲೀಕರು ಅದನ್ನು ಬರವಣಿಗೆಯಲ್ಲಿ ಕೊಡಿ ಎಂದರು. ಜಗ್ಗಣ್ಣನನ್ನು ಯಾರಾದರೂ ಏನನ್ನಾದರೂ ಬರೆದುಕೊಡಿ ಎಂದು ಕೇಳಿದ್ದು ಅದೇ ಮೊದಲು. ಫ್ಯಾಕ್ಟರಿಯ ಹೆಸರಿದ್ದ ಕಾಗದದ ಮೇಲೆ ದುಂಡಗೆ ಬರೆದುಕೊಟ್ಟ. ಹೊಲಿಗೆಯಮ್ಮನಿಗೆ ಮುಂದಿನ ಭಾನುವಾರದೊಳಗೆ ಕೋಣೆ ಖಾಲಿ ಮಾಡಲು ಹೇಳಲಾಯಿತು.

ಮನೆಗೆ ಬಂದಾಗ ಹೆಂಡತಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. "ನಿಮ್ಮ ಕೋಟಿನ ಗುಂಡಿ ಹೊಲಿದುಕೊಟ್ಟವರು ಅವರು" ಎಂದಳು. ಜಗ್ಗಣ್ಣ "ವಿಜ್ಞಾನದಲ್ಲಿ ದಾಕ್ಷಿಣ್ಯ ಇಲ್ಲ" ಎಂದ. ಆಮೇಲೆ ಎರಡು ದಿನ ಅವನ ಊಟದಲ್ಲಿ ಉಪ್ಪು ಇರಲಿಲ್ಲ.

ಬುಧವಾರ ಚರಂಡಿ ಇಲಾಖೆಯ ಅಧಿಕಾರಿ ಲಾರಿ, ಯಂತ್ರ, ನಾಲ್ವರು ಕೆಲಸಗಾರರು ಮತ್ತು ಒಂದು ಫೈಲಿನೊಂದಿಗೆ ಬಂದರು. ಬೀದಿಯ ಮುಚ್ಚಳ ತೆಗೆಸಿ, ಕೊಕ್ಕೆ ಬಿಟ್ಟು ಜಗ್ಗಿಸಿದರು. ಮೊದಲು ಒಬ್ಬ ಜಗ್ಗಿದ, ಆಮೇಲೆ ಇಬ್ಬರು, ಆಮೇಲೆ ನಾಲ್ವರು, ಕೊನೆಗೆ ಮಾಲೀಕರೂ ಅಂಗಿಯ ತೋಳು ಮಡಚಿ ಹಿಂದೆ ನಿಂತರು. ತೊಡೆಯಷ್ಟು ದಪ್ಪದ ಹಗ್ಗ ಒಂದು ಬರುತ್ತಲೇ ಇತ್ತು. ಏಳು ಮನೆಯ ಮೂರು ವಾರದ ಫ್ರಿಜ್ಜು, ಬೂಟು, ಸೈಕಲ್ಲು, ಮಕ್ಕಳು ಎಲ್ಲ ಹೊಸೆದುಕೊಂಡು ಒಂದಾಗಿದ್ದವು. ಬೀದಿಯ ಈ ತುದಿಯಿಂದ ಆ ತುದಿಗೆ ಮುಟ್ಟಿತು, ಎಲ್ಲೂ ಹರಿಯಲಿಲ್ಲ. ಕೆಸರಿನಲ್ಲಿ ಹೂತಿದ್ದ ಇಲಾಖೆಯ ಲಾರಿಯನ್ನು ಎಳೆಯಲು ಕೆಲಸಗಾರರು ಅದನ್ನೇ ಕಟ್ಟಿದರು. ಲಾರಿ ಬಂತು.

ಅಧಿಕಾರಿ ಫೈಲು ಬಿಡಿಸಿದರು. "ಅಡಚಣೆಯ ಬಗೆ: ಬಟ್ಟೆ, ಕೂದಲು, ಆಟಿಕೆ, ಇತರೆ. ಬಟ್ಟೆ ಅಂದ್ರೆ ನನ್ನ ಒಂದೇ ಸಹಿ ಸಾಕು. ಇತರೆ ಅಂದ್ರೆ ಮೂರು ಕಚೇರಿ ಸುತ್ತಬೇಕು."

"ಬಟ್ಟೆ ಅಂತ ವಿಜ್ಞಾನಿಗಳ ಪತ್ರವೇ ಇದೆ" ಎಂದು ಮಾಲೀಕರು ಕಾಗದ ಕೊಟ್ಟರು. ಅಧಿಕಾರಿಗೆ ಜೀವ ಬಂದಂತಾಯಿತು. ಸಹಿ ಹಾಕಿ ಫೈಲು ಕಟ್ಟಿದರು.

ಜಗ್ಗಣ್ಣ ಹಗ್ಗದ ಹತ್ತಿರ ಬಗ್ಗಿ ನೋಡಿದ. ಒಂದು ಮಡಿಕೆಯಲ್ಲಿ ಪುಟ್ಟ ಮೀನಿನ ಅಚ್ಚು. ಪಕ್ಕದ ಮಡಿಕೆಯಲ್ಲೂ ಮೀನು. ಅದು ಅವರ ಫ್ಯಾಕ್ಟರಿ ಪ್ರತಿ ಹಾಳೆಯ ಮೂಲೆಗೆ ಒತ್ತುವ ಗುರುತು. ಅವನು ಮೂರನೇ ಮಡಿಕೆಯನ್ನೂ ಬಿಡಿಸಿದ, ಅಲ್ಲೂ ಮೀನು. ಹಿಂದೆ ಮಾವ ಬಂದು ನಿಂತಿದ್ದರು.

"ಮಾವ, ಇದು ಯಾಕೆ ಕರಗಲಿಲ್ಲ?"

ಮಾವ ಕೇಳಿದ್ದಕ್ಕೆ ಉತ್ತರ ಕೊಡುವವರು. "ಗಡಸು ನೀರು. ನಮ್ಮ ಕೆಟಲ್ಲಿನ ತಳ ನೋಡಿಲ್ವಾ, ಬೆರಳು ದಪ್ಪ ಸುಣ್ಣ ಇದೆ. ಉಪ್ಪು ಹಿಡ್ಕೊಳ್ಳೋ ಅಂಟನ್ನ ಸುಣ್ಣ ಬಿಡುತ್ತಾ? ಇನ್ನೂ ಬಿಗಿಯಾಗಿ ಹಿಡ್ಕೊಳ್ಳುತ್ತೆ."

"ಮೊದಲೇ ಹೇಳಬಾರದಿತ್ತಾ?"

"ನಲ್ಲಿ ನೀರು ಹಾಕಿ ಅಂದೆ. ನಿಮಗೆ ಗಾಜು ಮುಖ್ಯವಾಗಿತ್ತು."

ಮರುದಿನ ಜಗ್ಗಣ್ಣ ಮನೆಯ ನಲ್ಲಿಯ ನೀರನ್ನು ಫ್ಯಾಕ್ಟರಿಗೆ ಒಯ್ದ. ಜಾರಿಗೆ ಸುರಿದು ಹಾಳೆ ಹಾಕಿದ. ಎಂಟು ನಿಮಿಷವಾಯಿತು, ಒಂದು ಗಂಟೆಯಾಯಿತು, ಊಟದ ಗಂಟೆ ಹೊಡೆಯಿತು. ಹಾಳೆ ಜಾರಿನೊಳಗೆ ಹಾಯಾಗಿ ಈಜುತ್ತಿತ್ತು. ತೆಗೆದು ಯಂತ್ರಕ್ಕೆ ಸಿಕ್ಕಿಸಿ ಜಗ್ಗಿದರೆ ಮುಳ್ಳು ಪ್ಯಾಕೆಟ್ಟಿನ ಹಾಳೆಯ ಅಂಕಿಯನ್ನೂ ದಾಟಿ ಹೋಯಿತು. ಜಗ್ಗಣ್ಣ ಪುಸ್ತಕ ಹಿಡಿದು ಮ್ಯಾನೇಜರ ಕೋಣೆಗೆ ಓಡಿದ. ನಳಿಕೆಯ ಕಥೆಯನ್ನೂ ಬಿಡದೆ ಎಲ್ಲ ಹೇಳಿದ.

ಮ್ಯಾನೇಜರು ಸಮಾಧಾನವಾಗಿ ಕೇಳಿದರು. "ಒಂದು ಕಟ್ಟಡದ ನೀರು ಕೆಟ್ಟಿದ್ದರೆ ಅದಕ್ಕೆ ನಮ್ಮ ಹಾಳೆ ಏನು ಮಾಡುತ್ತೆ? ನಿಮ್ಮ ಮಾಲೀಕರಿಗೆ ಟ್ಯಾಂಕು ತೊಳೆಸೋಕೆ ಹೇಳು. ಸಹಿ ಎಷ್ಟಾಯ್ತು?"

"ಏಳು ಸಾರ್. ಚರಂಡಿ ಕಟ್ಟಿಕೊಂಡಿದ್ದು ಹೊಲಿಗೆಯಮ್ಮನಿಂದ ಅಂತ ಎಲ್ಲರೂ ನಿನ್ನೆ ತಾವೇ ಬಂದು ಹಾಕಿಕೊಟ್ಟರು."

"ಇನ್ನೊಂದು ತಗೊಂಡು ಬಾ. ಸೋಮವಾರ ಮಾಲು ಹೊರಡುತ್ತೆ. ನಿನ್ನ ಕಾಯಂ ಪತ್ರ ಟೈಪ್ ಆಗಿದೆ, ನೋಡು." ಪತ್ರವನ್ನು ಎತ್ತಿ ತೋರಿಸಿ ಮತ್ತೆ ಮೇಜಿನ ಖಾನೆಗೆ ಹಾಕಿದರು.

ಜಗ್ಗಣ್ಣ ಆ ಪತ್ರವನ್ನು ಹನ್ನೊಂದು ವರ್ಷ ಕನಸಿನಲ್ಲಿ ಕಂಡಿದ್ದ. ಈಗ ಕಣ್ಣಾರೆ ಕಂಡಾಗ ಅವನಿಗೆ ಹೊಲಿಗೆಯಮ್ಮನ ಕತ್ತರಿಯೊಂದೇ ನೆನಪಾಯಿತು. ಅವನು ಬಸ್ಸಿನಲ್ಲಿ ಕೂತು ನಿಶ್ಚಯ ಮಾಡಿಕೊಂಡ: ಪತ್ರ ಹಾಳಾಗಲಿ, ಆ ಹೆಂಗಸು ಮನೆ ಬಿಡಬಾರದು, ಎಲ್ಲರಿಗೂ ನಿಜ ಹೇಳಿಬಿಡಬೇಕು.

ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಲೀಕರು ಬಾಗಿಲಲ್ಲೇ ಅವನ ತಪ್ಪೊಪ್ಪಿಗೆಯನ್ನು ಕೇಳಿ, ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮದು ದೊಡ್ಡ ಮನಸ್ಸು. ಆಕೆಯನ್ನ ಉಳಿಸೋಕೆ ತಪ್ಪು ಮೈಮೇಲೆ ಎಳ್ಕೊಳ್ತಿದ್ದೀರಿ."

"ಇಲ್ಲ ಸ್ವಾಮಿ, ನಿಜವಾಗಿ ನಮ್ಮದೇ. ಹಗ್ಗದ ಮೇಲೆ ಮೀನಿನ ಗುರುತಿತ್ತು."

"ಚರಂಡಿಯಲ್ಲಿ ಮೀನು ಇರಬಹುದಪ್ಪ, ನಾನು ಇಲ್ಲ ಅನ್ನಲ್ಲ."

ಜಗ್ಗಣ್ಣ ಹಟ ಬಿಡಲಿಲ್ಲ. ಶನಿವಾರ ಸಂಜೆ ಮತ್ತೆ ಮೆಟ್ಟಿಲ ಕೆಳಗೆ ಜಾರು ಇಟ್ಟ. ಈ ಸಲ ಕೋಟಿಲ್ಲ. ಎಲ್ಲರ ಕಣ್ಣೆದುರೇ ನಲ್ಲಿಯಿಂದ ನೀರು ಹಿಡಿದ, ಹಾಳೆ ಹಾಕಿದ, ಅಲುಗಾಡಿಸಿದ. ತೋಳು ಸೋತಾಗ ಹೆಂಡತಿ ಬಂದು ಅಲುಗಾಡಿಸಿದಳು. ಮುಕ್ಕಾಲು ಗಂಟೆಯಾದ ಮೇಲೆ ಹಾಳೆಯನ್ನು ತೆಗೆದು ಬಿಡಿಸಿ ಎತ್ತಿಹಿಡಿದ. ಇಡಿಯಾಗಿತ್ತು. "ನೋಡಿ" ಎಂದ.

"ಮೊನ್ನೆ ಎಷ್ಟು ಚೆನ್ನಾಗಿ ಮಾಡಿದ್ರಿ, ಇವತ್ತು ನಿಮ್ಮ ಕೈ ಸರಿಯಿಲ್ಲ" ಎಂದರು ಮಾಲೀಕರ ಹೆಂಡತಿ.

"ಮೊನ್ನೆ ಎಂಟೇ ನಿಮಿಷಕ್ಕೆ ಕರಗಿದ್ದನ್ನ ನಾನೇ ಗಡಿಯಾರ ಹಿಡಿದು ನೋಡಿದ್ದೀನಿ" ಎಂದರು ಬ್ಯಾಂಕಿನವರು. "ಇವತ್ತು ಬೇರೆ ಹಾಳೆ ತಂದಿದ್ದಾರೆ. ಅಯ್ಯೋ ಪಾಪ, ಒಳ್ಳೆಯವರಿಗೆ ಸುಳ್ಳು ಹೇಳೋಕೆ ಬರಲ್ಲ."

"ನಮ್ಮ ಮಾವನನ್ನ ಕೇಳಿ. ಮೂವತ್ತೆಂಟು ವರ್ಷ ಪ್ಲಂಬರ್ ಅವರು" ಎಂದು ಜಗ್ಗಣ್ಣ ಅಂಗಲಾಚಿದ. ಮಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ಸುಣ್ಣ, ಉಪ್ಪು, ಅಂಟು ಮೂರನ್ನೂ ಬಿಡಿಸಿ ಹೇಳಿದರು. ಹತ್ತು ವರ್ಷದಲ್ಲಿ ಅವರು ಅಷ್ಟು ಮಾತಾಡಿದ್ದೇ ಇಲ್ಲ.

ಮಾಲೀಕರು ಕೈಮುಗಿದರು. "ಹಿರಿಯರು ಅಳಿಯನ ಪರ ನಿಲ್ಲೋದು ಸಹಜ. ಆದರೆ ಬರೆದುಕೊಟ್ಟಿದ್ದು ವಿಜ್ಞಾನಿಗಳು, ಇಲಾಖೆಯ ಸಹಿ ಬಿದ್ದಿದೆ. ಈಗ ಬಟ್ಟೆ ಅಲ್ಲ ಅಂದ್ರೆ ಮೂರು ಕಚೇರಿ ಯಾರು ಸುತ್ತುತ್ತಾರೆ?"

ಸಭೆ ಚದುರಿತು. ಹೋಗುವಾಗ ಪ್ರತಿಯೊಬ್ಬರೂ ಜಗ್ಗಣ್ಣನ ಬೆನ್ನು ತಟ್ಟಿ ಹೋದರು. ಅವನ ಮೇಲಿನ ಗೌರವ ಆ ಕಟ್ಟಡದಲ್ಲಿ ಅಷ್ಟು ಎತ್ತರಕ್ಕೆ ಯಾವತ್ತೂ ಏರಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು, ಒದ್ದೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಹರಿಯಲು ನೋಡಿದ. ಹರಿಯಲಿಲ್ಲ. ಅವನಿಗೆ ಅಳು ಬಂತು. ಒರೆಸಿಕೊಳ್ಳಲು ಕೈಯಲ್ಲಿ ಅದೊಂದೇ ಇತ್ತು, ಅದರಲ್ಲಿ ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹಿಂದಿನ ಕೋಣೆಯ ಎದುರು ಸಣ್ಣ ವ್ಯಾನು ನಿಂತಿತ್ತು. ದಿಂಬುಗಳು, ಒಂದು ಟ್ರಂಕು, ನೂಲುಂಡೆಗಳ ಬುಟ್ಟಿ ಆಗಲೇ ಏರಿದ್ದವು. ಹೊಲಿಗೆ ಯಂತ್ರ ಮಾತ್ರ ಹೊಸ್ತಿಲಲ್ಲಿತ್ತು.

"ಆ ಕಡೆ ಸ್ವಲ್ಪ ಹಿಡೀರಿ" ಎಂದರು ಹೊಲಿಗೆಯಮ್ಮ. ಜಗ್ಗಣ್ಣ ಹಿಡಿದ. ಇಬ್ಬರೂ ಸೇರಿ ಎತ್ತಿ ಏರಿಸಿದರು.

"ಅಮ್ಮ, ಅದು ನಿಮ್ಮ ಬಟ್ಟೆ ಅಲ್ಲ. ನಮ್ಮ ಹಾಳೆಯೇ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಮುಟ್ಟಿದ ಕೂಡಲೇ. ನೂಲಿಲ್ಲ ಅಂತ ಅವತ್ತೇ ಹೇಳಿದ್ನಲ್ಲ."

ಜಗ್ಗಣ್ಣ ತಲೆ ತಗ್ಗಿಸಿದ. ಕೋಪದಿಂದ ನಾಲ್ಕು ಮಾತು ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು, ಅದನ್ನೂ ಅವರು ಕೊಡಲಿಲ್ಲ. ಕೋಣೆಯೊಳಗೆ ಹೋಗಿ ಹನ್ನೆರಡು ಪ್ಯಾಕೆಟ್ಟುಗಳನ್ನೂ, ಮೇಲೊಂದು ಕಾಗದವನ್ನೂ ತಂದು ಅವನ ಕೈಗಿಟ್ಟರು. ಎಂಟನೇ ಮನೆಯ ನಮೂನೆ. 'ತೊಂದರೆ ಆಗಿಲ್ಲ' ಎಂಬುದರ ಮುಂದೆ ಸಹಿ ಬಿದ್ದಿತ್ತು.

"ಇದ್ಯಾಕೆ ಹಾಕಿದ್ರಿ?"

"ನಾನು ಒಂದನ್ನೂ ಒಡೆದಿಲ್ಲ. ಹಾಳೆಯಿಂದ ನನಗೆ ತೊಂದರೆ ಆಗಿಲ್ಲ, ಸುಳ್ಳು ಬರೆದಿಲ್ಲ. ನಿಮ್ಮ ಹೆಂಡತಿ ಹೇಳಿದ್ರು, ಇದೊಂದು ಸಿಕ್ಕಿದರೆ ನಿಮಗೆ ಕಾಯಂ ಆಗುತ್ತಂತೆ. ನನಗಂತೂ ಇನ್ನು ಆಗಲ್ಲ, ನಿಮಗಾದರೂ ಆಗಲಿ."

ಅವರು ವ್ಯಾನಿನ ಮುಂದಿನ ಸೀಟಿಗೆ ಹತ್ತಿದರು. ಊರಿನ ಆ ತುದಿಯಲ್ಲಿ ತಂಗಿಯ ಮನೆ, ನಾಲ್ಕಂತಸ್ತಿನ ಕಟ್ಟಡ, ನೆಲಮಹಡಿಯಲ್ಲಿ ಒಂದು ಕೋಣೆ ಸಿಕ್ಕಿದೆ ಎಂದರು. ಜಗ್ಗಣ್ಣ ಪ್ಯಾಕೆಟ್ಟುಗಳನ್ನು ಎದೆಗೊತ್ತಿಕೊಂಡು ಕಿಟಕಿಯ ಹತ್ತಿರ ಹೋದ. ಕ್ಷಮಿಸಿ ಎನ್ನಬೇಕೆಂದಿದ್ದ, ಬಾಯಿಗೆ ಬಂದದ್ದು ಬೇರೆ.

"ಅಲ್ಲಿ ನೀರು ಹೇಗಿದೆ?"

ವ್ಯಾನು ಹೊರಟಿತ್ತು. ಹೊಲಿಗೆಯಮ್ಮ ತಲೆ ಹೊರಗೆ ಹಾಕಿ, ಕೇಳುವುದಕ್ಕೆ ಇವನಿಗೆ ಬೇರೇನೂ ಸಿಗಲಿಲ್ಲವೇ ಎಂಬಂತೆ ನೋಡಿದರು.

"ಇದೇ ನೀರು" ಎಂದರು. "ಇಡೀ ಊರಿಗೆ ಒಂದೇ ನೀರಲ್ವಾ."